ಮಾಲೆಯಲ್ಲಿದ್ದ ನನ್ನನ್ನು ಮಾಲಿಯಲ್ಲಿ ಕೊಂದವರಿಗೆ

ಗೆ,
ಶ್ರೀಯುತ ರುದ್ರೇಶ್ ಅವರು,
ಸಂಸ್ಥಾಪಕರು ಮತ್ತು ಏಕೈಕ ಅಡ್ಮಿನ್, ‘ಕಪಿಲಾ ಕಾವೇರಿ ಸ್ನೇಹಸಂಗಮ’ ವಾಟ್ಸ್ಯಾಪ್ ಬಳಗ,
ಮಾಲೀಕರು, ಜೆರಾಕ್ಸ್, ಲ್ಯಾಮಿನೇಷನ್ ಮತ್ತು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ,
ತಿ. ನರಸೀಪುರ.

ಮಾನ್ಯರೇ,

ತಮಗೂ, ತಮ್ಮ ಬಳಗದ ನಾನೂರ ಹನ್ನೆರಡು ಸದಸ್ಯರಿಗೂ, ಅವರಲ್ಲೂ ದಿನ ಬೆಳಗಾದರೆ ಗುಲಾಬಿ ಹೂವಿನ ಮೇಲೆ ಇಬ್ಬನಿ ಕೂರಿಸಿ ಶುಭೋದಯ ಕಳಿಸುವ ಹಿರಿಯರಿಗೂ, ಎರಡು ವಾರದ ಹಿಂದೆ ತಾವೆಲ್ಲ ಸೇರಿ ಸಕಲ ಮರ್ಯಾದೆಗಳೊಂದಿಗೆ ಈ ಲೋಕದಿಂದ ಕಳಿಸಿಕೊಟ್ಟ ಸಂಘಮಿತ್ರಾ ಎಂಬ ನಾನು, ನಂಜನಗೂಡಿನ ನನ್ನ ತಾಯಿಯ ಮನೆಯ ಜಗಲಿಯ ಮೇಲೆ ಕುಳಿತು, ನಾಲ್ಕು ಇಡ್ಲಿ ತಿಂದು, ಕಾಫಿ ಕುಡಿದು, ಪೂರ್ಣ ಆರೋಗ್ಯದಿಂದ ಮಾಡುವ ನಮಸ್ಕಾರಗಳು.

ಈ ಪತ್ರವನ್ನು ಬಳಗದಲ್ಲೇ ಹಾಕಬಹುದಿತ್ತು. ಆದರೆ ತೀರಿಕೊಂಡವರ ನಂಬರಿಗೆ ಶುಭೋದಯ ಹೋಗಿ ಮನೆಯವರಿಗೆ ನೋವಾಗಬಾರದೆಂಬ ಸೂಕ್ಷ್ಮ ಮನಸ್ಸಿನಿಂದ ತಾವು ನನ್ನ ನಂಬರನ್ನು ತೆಗೆದುಹಾಕಿರುವುದರಿಂದಲೂ, ನಾನು ಬದುಕಿರುವುದು ಖಚಿತವಾದ ಮೇಲೂ ಮರಳಿ ಸೇರಿಸಲು ತಮಗೆ ಪುರುಸೊತ್ತಾಗಿಲ್ಲದಿರುವುದರಿಂದಲೂ, ಬಹಿರಂಗವಾಗಿ ಬರೆಯಬೇಕಾಯಿತು. ಇದರ ಜೆರಾಕ್ಸ್ ಪ್ರತಿಗಳನ್ನು ತಮ್ಮ ಅಂಗಡಿಯಲ್ಲೇ ಮಾಡಿಸುತ್ತೇನೆ. ನನ್ನ ವ್ಯಾಪಾರ ಬೇರೆಯವರಿಗೆ ಹೋಗುವುದು ಬೇಡ.

ನಮ್ಮ ಪರಿಚಯವಿಲ್ಲದ ಓದುಗರ ಸಲುವಾಗಿ ನಾಲ್ಕು ಮಾತು ಹೇಳಬೇಕು. ನಾನು ನರಸೀಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ತಾವು ನನ್ನ ಎರಡನೇ ಬ್ಯಾಚಿನ ವಿದ್ಯಾರ್ಥಿ, ಕಿಟಕಿ ಪಕ್ಕದ ಮೂರನೇ ಬೆಂಚು. ನನ್ನ ಗಂಡ ತೀರಿಕೊಂಡ ಮೇಲೆ ನಾಲ್ಕು ವರ್ಷ ಹಾಗೂ ಹೀಗೂ ದೂಡಿ, ಎರಡು ವರ್ಷದ ಹಿಂದೆ ಸಂದರ್ಶನ ಕೊಟ್ಟು, ಮಾಲ್ಡೀವ್ಸ್ ದೇಶದ ರಾಜಧಾನಿ ಮಾಲೆಯ ಒಂದು ಶಾಲೆಗೆ ಭೂಗೋಳದ ಶಿಕ್ಷಕಿಯಾಗಿ ಹೋದೆ. ಮಗಳು ದಿವ್ಯ ಒಂಬತ್ತನೇ ತರಗತಿ ಓದುತ್ತ, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದ ನನ್ನ ತಾಯಿ ಸಾಕಮ್ಮನ ಜೊತೆ ನಂಜನಗೂಡಿನಲ್ಲಿದ್ದಾಳೆ. ನಾನು ಹೊರಟ ದಿನ ತಾವು ಹಳೆಯ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿ ಶಾಲು ಹೊದಿಸಿ, ಮಾಲೆ ಎನ್ನುವ ಹೆಸರು ಎಷ್ಟು ಚೆನ್ನಾಗಿದೆ, ಹೂಮಾಲೆಯ ಹಾಗೆ ಮರೆಯುವುದೇ ಇಲ್ಲ ಎಂದು ಭಾಷಣ ಮಾಡಿದ್ದಿರಿ. ಮರೆಯಲಿಲ್ಲ ನಿಜ. ಎತ್ವವನ್ನಷ್ಟೇ ಗುಡಿಸು ಮಾಡಿಕೊಂಡಿರಿ.

ಆ ಗುರುವಾರ ಬೆಳಿಗ್ಗೆ ಎಂಟೂವರೆಗೆ ತಾವು ಬಳಗಕ್ಕೆ ಒಂದು ಚಿತ್ರ ಕಳಿಸಿದಿರಿ. ಯಾವ ವರ್ಷದ್ದೋ, ಯಾರು ತೆಗೆದದ್ದೋ ತಿಳಿಯದ ಆ ಚಿತ್ರದಲ್ಲಿ ಕಣ್ಣು ಹಾಯುವವರೆಗೂ ಮರಳು, ಮರಳಿನ ನಡುವೆ ಸುಟ್ಟು ನಿಂತ ಒಂದು ಲಾರಿ, ಕೆಳಗೆ ‘ಮಾಲಿಯಲ್ಲಿ ಗಲಭೆ, ಭಾರತೀಯರು ಸಂಕಷ್ಟದಲ್ಲಿ’ ಎಂಬ ಬರಹ. ಅದರ ಅಡಿಯಲ್ಲಿ ತಮ್ಮ ಸ್ವಂತ ಕೈಯಿಂದ, ‘ನಮ್ಮ ಸಂಘಮಿತ್ರಾ ಮಿಸ್ ಇರೋದು ಇಲ್ಲೇ. ಎಲ್ರೂ ಪ್ರಾರ್ಥನೆ ಮಾಡಿ.’ ಮಾಲಿ ಎಂಬುದು ಆಫ್ರಿಕಾದ ಪಶ್ಚಿಮ ಭಾಗದಲ್ಲಿ, ಸಮುದ್ರದ ಅಂಚೇ ಇಲ್ಲದ, ಅರ್ಧಕ್ಕೂ ಹೆಚ್ಚು ಮರಳುಗಾಡಾಗಿರುವ ವಿಶಾಲ ದೇಶ. ನಾನಿದ್ದದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯಲ್ಲಿ ನಡೆದು ಮುಗಿಸಬಹುದಾದ ದ್ವೀಪದಲ್ಲಿ. ಎರಡರ ನಡುವೆ ಸುಮಾರು ಒಂಬತ್ತು ಸಾವಿರ ಕಿಲೋಮೀಟರ್ ಇದೆ. ಅಷ್ಟು ದೂರವನ್ನು ವೀಸಾ ಇಲ್ಲದೆ, ವಿಮಾನವಿಲ್ಲದೆ, ಹೆಬ್ಬೆರಳಿನ ಒಂದೇ ಒತ್ತಿನಲ್ಲಿ ನನ್ನನ್ನು ದಾಟಿಸಿದ ತಮ್ಮ ಸಾಮರ್ಥ್ಯ ಯಾವ ವಿಮಾನ ಕಂಪನಿಗೂ ಇರಲಾರದು.

ಆಮೇಲಿನ ಪ್ರಗತಿಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂಬತ್ತು ಗಂಟೆಗೆ ನಾನು ಸಂಕಷ್ಟದಲ್ಲಿದ್ದೆ. ಹತ್ತಕ್ಕೆ ಒಬ್ಬರು ನನಗೆ ಫೋನ್ ಮಾಡಿ, ಸ್ವಿಚ್ ಆಫ್ ಎಂದು ವರದಿ ಕೊಟ್ಟರು, ನಾನು ನಾಪತ್ತೆಯಾದೆ. ಹನ್ನೊಂದಕ್ಕೆ ‘ಮಾಲಿ ಅಂದ್ರೆ ತೋಟದ ಮಾಲೀನಾ?’ ಎಂದು ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ‘ಇಲ್ಲ ಸಾರ್, ದುಬೈ ಹತ್ರ ಬರುತ್ತೆ’ ಎಂದು ತಿಳಿಯಹೇಳಿದರು. ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ‘ದೇವರು ದೊಡ್ಡವನು’ ಎಂದು ಹಾಕಿದ್ದನ್ನು ಮುಂದಿನವರು ಕೆಟ್ಟ ಸುದ್ದಿ ಎಂದೇ ತಿಳಿದು ‘ಓಂ ಶಾಂತಿ’ ಎಂದರು. ಅಲ್ಲಿಂದ ಮುಂದೆ ನೂರ ಎಂಬತ್ತು ಮಂದಿ ಕೈಮುಗಿದಿದ್ದಾರೆ, ಊರಿಗೆ ಬಂದ ಮೇಲೆ ಸದಸ್ಯರೊಬ್ಬರ ಫೋನಿನಲ್ಲಿ ನಾನು ಎಣಿಸಿದ್ದೇನೆ. ನನ್ನ ಸಾವನ್ನು ಯಾರೂ ಹೇಳಲಿಲ್ಲ, ಎಲ್ಲರೂ ಒಪ್ಪಿಕೊಂಡರು ಅಷ್ಟೇ.

ಒಬ್ಬಳು ಒಪ್ಪಲಿಲ್ಲ. ಮೈಸೂರಿನಲ್ಲಿ ನರ್ಸಾಗಿರುವ, ತಮ್ಮದೇ ಬ್ಯಾಚಿನ ಅರ್ಪಿತ, ‘ಮಾಲಿ ಬೇರೆ, ಮಾಲೆ ಬೇರೆ. ಮಿಸ್ ಇರೋದು ಮಾಲ್ಡೀವ್ಸ್‌ನಲ್ಲಿ, ದಯವಿಟ್ಟು ಇದನ್ನ ಡಿಲೀಟ್ ಮಾಡಿ’ ಎಂದು ಬರೆದಳು. ಅದಕ್ಕೆ ತಾವು ಕೊಟ್ಟ ಉತ್ತರವನ್ನು ನಾನು ಬರೆದಿಟ್ಟುಕೊಂಡಿದ್ದೇನೆ: ‘ಇಂಥ ಟೈಮಲ್ಲಿ ಸ್ಪೆಲ್ಲಿಂಗ್ ಮಿಸ್ಟೇಕ್ ಹುಡುಕ್ತೀಯಲ್ಲ, ನಾಚ್ಕೆ ಆಗಲ್ವಾ?’ ಅವಳು ನಕ್ಷೆಯ ಚಿತ್ರವನ್ನೂ ಹಾಕಿದಾಗ, ಬಳಗದ ದುಃಖಕ್ಕೆ ಭಂಗ ತಂದ ಕಾರಣಕ್ಕಾಗಿ ತಾವು ಅವಳನ್ನು ಬಳಗದಿಂದಲೇ ಹೊರಗೆ ಹಾಕಿದಿರಿ. ಭೂಗೋಳ ಬಲ್ಲ ಒಬ್ಬರನ್ನು ತೆಗೆದುಹಾಕಿದರೆ ಎಲ್ಲರ ತಿಳಿವಳಿಕೆ ಒಂದೇ ಮಟ್ಟಕ್ಕೆ ಬರುತ್ತದೆ. ಆಡಳಿತದ ಈ ಸೂಕ್ಷ್ಮ ತಮಗೆ ಇಷ್ಟು ಚಿಕ್ಕ ವಯಸ್ಸಿಗೇ ಹೇಗೆ ತಿಳಿಯಿತೋ!

ಅಷ್ಟು ಹೊತ್ತೂ ನಾನೇನು ಮಾಡುತ್ತಿದ್ದೆ ಎಂದು ತಿಳಿಸುವುದು ನನ್ನ ಕರ್ತವ್ಯ. ಬುಧವಾರವೇ ಮಕ್ಕಳನ್ನು ಕರೆದುಕೊಂಡು ಹವಳದ ದಿಬ್ಬಗಳನ್ನು ತೋರಿಸಲು ದೂರದ ಇನ್ನೊಂದು ದ್ವೀಪಕ್ಕೆ ಹೋಗಿದ್ದೆ. ಅಲ್ಲಿಯ ಜನ ದೋಣಿಗೆ ದೋಣಿ ಎಂದೇ ಹೇಳುತ್ತಾರೆ, ನಮ್ಮ ನಾಲಿಗೆಗೆ ಅಷ್ಟು ಹತ್ತಿರದವರು. ಆ ದೋಣಿಯಿಂದ ಇಳಿಯುವಾಗ ನನ್ನ ಫೋನ್ ನೀರಿಗೆ ಬಿತ್ತು. ಮೂರು ದಿನ ತಾನೆ, ಮರಳಿದ ಮೇಲೆ ಮಾತಾಡಿದರಾಯಿತು ಎಂದುಕೊಂಡೆ. ಸತ್ತವಳು ಶುಕ್ರವಾರ ಮಧ್ಯಾಹ್ನ ಮೀನಿನ ಸಾರು ಉಂಡು, ಮಕ್ಕಳಿಗೆ ಉಬ್ಬರವಿಳಿತ ವಿವರಿಸುತ್ತಿದ್ದಳು.

ಇಲ್ಲಿ, ಗುರುವಾರ ಸಂಜೆ ನಾಲ್ಕಕ್ಕೆ, ತಮ್ಮ ಬಳಗದ ಹನ್ನೆರಡು ಮಂದಿ, ನಿವೃತ್ತ ಕಂದಾಯ ನೌಕರರಾದ ಚನ್ನಯ್ಯನವರ ಮುಂದಾಳತ್ವದಲ್ಲಿ, ನರಸೀಪುರದಿಂದ ಬಸ್ ಹತ್ತಿ ನಂಜನಗೂಡಿಗೆ ಬಂದು ನನ್ನ ತಾಯಿಯ ಮನೆಯ ಮುಂದೆ ಚಪ್ಪಲಿ ಬಿಟ್ಟರು. ದುಃಖದಲ್ಲಿ ಪಾಲು ಕೇಳಲು ಅಷ್ಟು ದೂರ ಬಂದವರ ಒಳ್ಳೆಯತನವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರು ಬರುವವರೆಗೆ ಆ ಮನೆಯಲ್ಲಿ ದುಃಖವೇ ಇರಲಿಲ್ಲ. ಅವ್ವ ರಾಗಿ ಕೇರುತ್ತಿದ್ದಳು. ದಿವ್ಯ ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಳು. ಪಾಲು ಹಂಚಲೆಂದೇ ಅವರು ದುಃಖವನ್ನು ಜೊತೆಯಲ್ಲಿ ತಂದಿದ್ದರು.

ಫೋನಿನಲ್ಲಿ ತೋರಿಸಿದ ಚಿತ್ರವನ್ನು ನನ್ನ ತಾಯಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳಂತೆ. ನಾಲ್ಕನೇ ತರಗತಿ ಓದಿದ ಹೆಂಗಸು. ಪಕ್ಕದ ಮನೆಯವರು ನೆನಪಿಟ್ಟುಕೊಂಡು ಹೇಳಿದಂತೆ ಅವಳ ಮಾತು ಹೀಗಿತ್ತು: “ನನ್ ಮಗ್ಳು ಇರೋ ಊರ್ಗೆ ಸುತ್ತಾನೂ ಸಮುದ್ರ ಅದೆ ಕಣಪ್ಪ. ದಿನಾ ಫೋನಲ್ಲಿ ತೋರಿಸ್ತಾಳೆ. ಇದ್ರಲ್ಲಿ ನೋಡುದ್ರೆ ಬರೀ ಮರಳು. ಇದು ಅವ್ಳೂರಲ್ಲ.”

ಮಾನ್ಯರೇ, ಎರಡು ತಾಲ್ಲೂಕಿನಲ್ಲಿ ಅಂದು ನಡೆದ ಏಕೈಕ ಭೂಗೋಳದ ಪಾಠ ಅದು. ಅದಕ್ಕೆ ಚನ್ನಯ್ಯನವರು ಕೊಟ್ಟ ಉತ್ತರವನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕೇಳಿಲ್ಲ. “ಅಕ್ಕಾ, ತಲಕಾಡಲ್ಲೂ ಮರಳೇ ಅಲ್ವಾ ಇರೋದು? ಪಕ್ಕದಲ್ಲೇ ಕಾವೇರಿ ಅರೀತಿಲ್ವಾ? ಮರಳಿರೋ ಕಡೆ ನೀರಿರಕ್ಕಿಲ್ಲ ಅಂತ ನಿಂಗ್ಯಾರೇಳುದ್ರು?” ಎಂದರಂತೆ. ಹನ್ನೆರಡು ಮಂದಿಯೂ ತಲೆದೂಗಿದರಂತೆ. ಸಹರಾ ಮರುಭೂಮಿಯನ್ನೂ ಹಿಂದೂ ಮಹಾಸಾಗರವನ್ನೂ ತಲಕಾಡಿನ ಆಧಾರದ ಮೇಲೆ ಒಂದುಗೂಡಿಸಿದ ಆ ತರ್ಕವನ್ನು ನನ್ನ ತಾಯಿ ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ತಲಕಾಡನ್ನು ಅವಳೂ ನೋಡಿದ್ದಳು.

ದಿವ್ಯ ಒಳಗಿನಿಂದ ಅಟ್ಲಾಸ್ ತಂದಳು. ನಾನು ಹೊರಡುವಾಗ ಕೊಟ್ಟುಹೋದದ್ದು, ಮಾಲೆಯ ಮೇಲೆ ಕೆಂಪು ಪೆನ್ನಿನ ಚುಕ್ಕೆಯಿದೆ. ಬೆರಳಿಟ್ಟು ತೋರಿಸಿ, “ತಾತ, ನೋಡಿ, ಇಲ್ಲಿ ನಮ್ಮಮ್ಮ. ಮಾಲಿ ಇಲ್ಲಿ, ಆಫ್ರಿಕಾದಲ್ಲಿ,” ಎಂದಳಂತೆ. ಚನ್ನಯ್ಯನವರು ಅಟ್ಲಾಸಿನ ರಟ್ಟನ್ನು ತಿರುಗಿಸಿ ನೋಡಿ, “ಇದು ಅಳೇದು ಕಣವ್ವ. ದೇಶಗೊಳು ಬದ್ಲಾಯ್ತಾ ಇರ್ತವೆ,” ಎಂದು ಅವಳ ತಲೆ ಸವರಿದರಂತೆ. ಸರ್ವೆ ನಂಬರ್ ಬದಲಾದ ಹಾಗೆ ದ್ವೀಪಗಳೂ ಎದ್ದು ಆಫ್ರಿಕಾಕ್ಕೆ ಹೋಗಿ ಕೂರುತ್ತವೆಂದು ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿದವರು ಹೇಳಿದ ಮೇಲೆ ಹದಿನಾಲ್ಕು ವರ್ಷದ ಹುಡುಗಿ ಏನೆನ್ನಬೇಕು? ಅವಳು ಮತ್ತೊಮ್ಮೆ ಬೆರಳಿಟ್ಟಾಗ ಇನ್ನೊಬ್ಬರು, “ದೊಡ್ಡೋರ ಮುಂದೆ ಎದುರುತ್ತರ ಕೊಡಬಾರ್ದು ಮಗ,” ಎಂದರಂತೆ. ಅವಳು ಅಟ್ಲಾಸ್ ಮುಚ್ಚಿಕೊಂಡು ಒಳಗೆ ಹೋದಳು. ಅಲ್ಲಿಂದ ಎರಡು ದಿನ ಅವಳು ಯಾರೊಡನೆಯೂ ಮಾತಾಡಲಿಲ್ಲ.

ಅವ್ವ ಮಾತ್ರ ಶುಕ್ರವಾರ ಬೆಳಗಿನವರೆಗೂ ಬಗ್ಗಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟು, ಸುದ್ದಿ ಸುಳ್ಳು ಎಂದೇ ಹೇಳಿ ಕಳಿಸಿದಳು. ಅವಳನ್ನು ಸೋಲಿಸಿದ್ದು ತಮ್ಮ ಕಲೆ. ಶುಕ್ರವಾರ ಹತ್ತು ಗಂಟೆಗೆ ನರಸೀಪುರದ ಬಸ್ ನಿಲ್ದಾಣದಲ್ಲಿ ತಾವು ಕಟ್ಟಿಸಿದ ಆರಡಿಯ ಫ್ಲೆಕ್ಸಿನ ಚಿತ್ರವನ್ನು ಯಾರೋ ಅವಳ ಕೈಗೆ ಕೊಟ್ಟರು. ನನ್ನ ಮುಖ, ಸುತ್ತ ಮಲ್ಲಿಗೆ ಹಾರ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಎರಡೂ ಕಡೆ ಉರಿಯುವ ದೀಪ. ಮೂವತ್ತು ವರ್ಷ ಅಂಗನವಾಡಿಯ ಗೋಡೆಗೆ ಇಲಾಖೆಯ ಭಿತ್ತಿಪತ್ರಗಳನ್ನು ಅಂಟಿಸಿದವಳು ಆಕೆ. ಅಚ್ಚಾದದ್ದೆಲ್ಲ ನಿಜ ಎಂದು ನಂಬಿ ತಾಯಂದಿರಿಗೆ ಓದಿ ಹೇಳಿದವಳು. “ಅಚ್ಚಾಕ್ಸವ್ರಲ್ಲಪ್ಪ,” ಎಂದಳಂತೆ. ಅಷ್ಟೇ. ಗೋಡೆಗೆ ಒರಗಿ ಕೂತವಳು ಮರುದಿನದವರೆಗೆ ಅನ್ನ ಮುಟ್ಟಲಿಲ್ಲ.

ಆ ಫ್ಲೆಕ್ಸನ್ನು ತಾವು ಒಂದು ಕಾಸೂ ತೆಗೆದುಕೊಳ್ಳದೆ, ಅಂಗಡಿಯ ಬೇರೆ ಕೆಲಸ ನಿಲ್ಲಿಸಿ, ಅಳುತ್ತ ಮಾಡಿಸಿದಿರೆಂದು ನನಗೆ ಆಮೇಲೆ ತಿಳಿಯಿತು. ತಮ್ಮ ಪ್ರೀತಿಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ಅಷ್ಟು ಪ್ರೀತಿ ಇರುವವರು ಮುದ್ರಿಸುವ ಮೊದಲು ಅರ್ಧ ನಿಮಿಷ ನಕ್ಷೆ ನೋಡಬಹುದಿತ್ತೆಂಬ ದುರಾಸೆ ಮಾತ್ರ ನನ್ನದು.

ಶನಿವಾರ ನರಸೀಪುರದ ನನ್ನ ಹಳೆಯ ಶಾಲೆಯಲ್ಲಿ ಸಂತಾಪ ಸಭೆ ನಡೆದು, ‘ಅವರು ನಮಗೆ ಇಡೀ ಪ್ರಪಂಚವನ್ನೇ ತೋರಿಸಿದರು’ ಎಂದು ತಾವು ಗದ್ಗದಿತರಾಗಿ ನುಡಿದು, ಶಾಲೆಯವರು ಮಕ್ಕಳಿಗೆ ಅರ್ಧ ದಿನ ರಜೆ ಕೊಟ್ಟ ಹೊತ್ತಿನಲ್ಲೇ ನಾನು ಮಾಲೆಗೆ ಮರಳಿ, ದೋಣಿಕಟ್ಟೆಯಲ್ಲಿ ನಿಂತು, ಸಹೋದ್ಯೋಗಿಯೊಬ್ಬರ ಫೋನಿನಿಂದ ಅವ್ವನಿಗೆ ಕರೆ ಮಾಡಿದೆ. “ಅವ್ವಾ, ನಾನು,” ಎಂದೆ. ಆ ಕಡೆ ಉಸಿರು ಕೇಳಿಸಿತು. ಆಮೇಲೆ, “ಯಾರವ್ವ ನೀನು? ನನ್ ಮಗ್ಳ ದನಿ ಮಾಡ್ಬೇಡ ಕಣವ್ವ, ನಿನ್ ದಮ್ಮಯ್ಯ,” ಎಂದು ಫೋನಿಟ್ಟಳು. ಗೊತ್ತಿಲ್ಲದ ನಂಬರಿನಿಂದ ಸತ್ತವರ ದನಿಯಲ್ಲಿ ಮಾತಾಡಿ ಮೋಸ ಮಾಡುವವರು ಇದ್ದಾರೆ, ಎಚ್ಚರವಾಗಿರಿ ಎಂದು ಚನ್ನಯ್ಯನವರು ಮೊದಲೇ ಹೇಳಿ ಹೋಗಿದ್ದರು. ಅವರ ಎಚ್ಚರಿಕೆಗಳಲ್ಲಿ ಫಲ ಕೊಟ್ಟದ್ದು ಇದೊಂದೇ ಇರಬೇಕು.

ನನ್ನ ತಾಯಿ ನನ್ನನ್ನೇ ಬೇಡಿಕೊಂಡಳಲ್ಲ, ನಾನಾಗಿರಬೇಡ ಎಂದು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಐದು ಸಲ ಕರೆ ಮಾಡಿದೆ. ಆರನೆಯ ಸಲ ವಿಡಿಯೋ ಕರೆ ಮಾಡಿದಾಗ ಎತ್ತಿದವಳು ದಿವ್ಯ. ಪರದೆಯ ಮೇಲೆ ನನ್ನ ಮುಖ ಕಂಡರೂ ಅವಳು ಅಮ್ಮಾ ಎನ್ನಲಿಲ್ಲ, ಅಳಲಿಲ್ಲ. ಎರಡು ದಿನದಿಂದ ಬಳಸದ ಗಂಟಲಿನಿಂದ, “ಸಮುದ್ರ ತೋರ್ಸು,” ಎಂದಳು.

ತೋರಿಸಿದೆ. ಫೋನನ್ನು ನೀರಿನ ಕಡೆ ತಿರುಗಿಸಿ, ದೋಣಿಗಳನ್ನು, ಆಚೆ ವಿಮಾನ ನಿಲ್ದಾಣದ ದ್ವೀಪವನ್ನು, ಅದರಾಚೆಯ ನೀಲಿಯನ್ನು ನಿಧಾನವಾಗಿ ತೋರಿಸಿದೆ. “ಆ ಕಡೆ?” ಎಂದಳು. ಆ ಕಡೆ ತಿರುಗಿಸಿದೆ. “ಇನ್ನೊಂದ್ ಕಡೆ?” ಎಂದಳು. ಓಡುತ್ತ ರಸ್ತೆ ತಿರುವಿಗೆ ಹೋಗಿ ಆ ಕಡೆಯದನ್ನೂ ತೋರಿಸಿದೆ. ಎಲ್ಲ ಕಡೆಯೂ ನೀರೇ ಎಂದು ಖಚಿತವಾದ ಮೇಲೆ “ಸರಿ” ಎಂದು, ಫೋನನ್ನು ಅಜ್ಜಿಯ ಕೈಗೆ ಕೊಟ್ಟು, ಆಮೇಲೆ ಅತ್ತಳು. ಅವ್ವ ಪರದೆಯನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿ, “ಏನೂ ಆಗಿಲ್ವಾ ಕೂಸು? ಉಂಡ್ಯಾ?” ಎಂದಳು.

ಸೋಮವಾರ ಬಂದೆ. ಮಾಲೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ, ಬೆಂಗಳೂರಿನ ವಿಮಾನ ನಿಲ್ದಾಣದಿಂದ ನಂಜನಗೂಡಿಗೆ ಐದೂವರೆ ಗಂಟೆ. ನೇರ ಗೆರೆ ಎಳೆದರೆ ನಮ್ಮೂರಿಗೆ ದೆಹಲಿಗಿಂತ ಮಾಲೆಯೇ ಹತ್ತಿರ, ಅದೂ ಅರ್ಧ ದೂರದಲ್ಲಿ. ಮರುದಿನ ನರಸೀಪುರಕ್ಕೆ ಹೋಗಿ ನನ್ನ ಫ್ಲೆಕ್ಸಿನ ಮುಂದೆ ನಿಂತು ಓದಿದೆ. ‘ಮರಣ: ಮಾಲಿ (ದುಬೈ)’ ಎಂದಿತ್ತು. ಎರಡು ಖಂಡ, ಒಂದು ಕೊಲ್ಲಿ, ಅನೇಕ ಸರ್ಕಾರಗಳು ಒಂದೇ ಆವರಣ ಚಿಹ್ನೆಯೊಳಗೆ ಹಿಡಿಸಿದ್ದವು. ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸೊಬ್ಬಳು ನನ್ನ ಮುಖ ಸರಿಯಾಗಿ ನೋಡದೆಯೇ, “ಪಾಪ, ಒಳ್ಳೇವ್ರಂತೆ. ನಿಮ್ ಕಡೇವ್ರಾ?” ಎಂದಳು. ತೀರಾ ಹತ್ತಿರದವರು ಎಂದೆ.

ಅಲ್ಲಿಂದ ತಮ್ಮ ಅಂಗಡಿಗೆ ಬಂದೆ. ನನ್ನನ್ನು ಕಂಡು ತಾವು ಎದ್ದು ನಿಂತು, ಎರಡೂ ಕೈ ಮುಗಿದು, “ಮಿಸ್… ಕೂತ್ಕಳಿ ಮಿಸ್,” ಎಂದು ಸ್ಟೂಲ್ ಒರೆಸಿ ಕೊಟ್ಟದ್ದನ್ನು ನಾನು ಮರೆಯುವುದಿಲ್ಲ. ಚಹಾ ತರಿಸಿದಿರಿ. ತಮ್ಮ ಅಂಗಡಿಯಲ್ಲಿ ಶಾಲೆಯ ಮಕ್ಕಳಿಗೆಂದು ಕಟ್ಟು ಕಟ್ಟಾಗಿ ಇಟ್ಟಿರುವ ಪ್ರಪಂಚದ ಖಾಲಿ ನಕ್ಷೆಗಳಲ್ಲಿ ಒಂದನ್ನು ಎಳೆದು, ಮಾಲೆ ಎಲ್ಲಿದೆ ಗುರುತಿಸಿ ಎಂದೆ. ಭಾರತವನ್ನು ತಾವು ತಪ್ಪಿಲ್ಲದೆ ಗುರುತಿಸಿದಿರಿ. ಆಮೇಲೆ ಪೆನ್ನು ಅರಬ್ಬೀ ಸಮುದ್ರದ ಮೇಲೆ ಬಹಳ ಹೊತ್ತು ಸುತ್ತಾಡಿ, ದಣಿದು, ದುಬೈ ಇರಬಹುದಾದ ಕಡೆ ಇಳಿಯಿತು. ನಾನು ಬಾಯಿ ತೆರೆಯುವ ಮೊದಲೇ ತಾವು ತಲೆ ತಗ್ಗಿಸಿಕೊಂಡು ಒಂದು ಮಾತು ಹೇಳಿದಿರಿ. “ಮಿಸ್, ತಪ್ ತಿಳ್ಕಬೇಡಿ. ನೀವೇ ಅಲ್ವಾ ಯೋಳ್ತಿದ್ದುದ್ದು? ಪ್ರಪಂಚದ ಮ್ಯಾಪು ಪರೀಕ್ಷೆಗೆ ಬರಲ್ಲ, ಇಂಡಿಯಾ ಮ್ಯಾಪೊಂದ್ ಕಲ್ತ್ಕಳಿ ಸಾಕು, ಉಳಿದಿದ್ದು ಬಿಟ್ಬಿಡಿ ಅಂತ?”

ಇಲ್ಲಿಗೆ ಬಂದು ಈ ಪತ್ರ ಮೂರು ದಿನ ನಿಂತಿತ್ತು.

ಹೌದು, ಹೇಳಿದ್ದೆ. ಒಂದು ವರ್ಷವಲ್ಲ, ಹನ್ನೊಂದು ವರ್ಷ ಹೇಳಿದ್ದೆ. ಮುಖ್ಯೋಪಾಧ್ಯಾಯರಿಗೆ ನೂರಕ್ಕೆ ನೂರು ಫಲಿತಾಂಶ ಬೇಕಿತ್ತು, ಭಾರತದ ನಕ್ಷೆಗೆ ಅಂಕಗಳಿದ್ದವು, ಪ್ರಪಂಚಕ್ಕೆ ಇರಲಿಲ್ಲ. ಆರು ಖಂಡಗಳನ್ನು ಒಂದೇ ಮಾತಿನಲ್ಲಿ ಬಿಡಿಸಿ ನಿಮ್ಮನ್ನೆಲ್ಲ ಪಾಸು ಮಾಡಿಸಿದೆ. ರುದ್ರೇಶ, ನೀನು ಒಂದು ಸಲ ಎದ್ದುನಿಂತು, ಆಫ್ರಿಕಾಕ್ಕೆ ನಮ್ಮಿಂದ ಹಡಗಿನಲ್ಲಿ ಹೋಗಬಹುದಾ ಮಿಸ್ ಎಂದು ಕೇಳಿದ್ದೆ. ಅದು ಬರಲ್ಲ, ಕೂತ್ಕೋ ಎಂದಿದ್ದೆ. ನೀನು ಕೂತೆ. ಹನ್ನೆರಡು ವರ್ಷದ ಹತ್ತಿರವಾಯಿತು, ನಾನು ಹೇಳಿದ ಕಡೆಯಲ್ಲೇ ಕೂತಿದ್ದೀಯ. ಬೈಯಲೆಂದು ಬಂದವಳು ಚಹಾ ಕುಡಿದು ಎದ್ದುಹೋದದ್ದು ಅದಕ್ಕೇ.

ಕ್ಷಮಿಸಿ, ಏಕವಚನಕ್ಕೆ ಜಾರಿದೆ. ಅಡ್ಮಿನ್ನರ ಘನತೆಗೆ ಕುಂದು ತರುವ ಉದ್ದೇಶವಿರಲಿಲ್ಲ.

ಪ್ರಪಂಚದ ನಕ್ಷೆ ತಿಳಿಯದಿದ್ದರೆ ಭತ್ತದ ಗದ್ದೆಗೆ ನೀರು ನಿಲ್ಲುತ್ತದೆಯೇ, ಮೈಸೂರಿನ ಬಸ್ಸು ತಪ್ಪುತ್ತದೆಯೇ ಎಂದು ಬಳಗದಲ್ಲಿ ಯಾರೋ ಆಮೇಲೆ ಕೇಳಿದರಂತೆ. ಒಳ್ಳೆಯ ಪ್ರಶ್ನೆ. ಎರಡೂ ಆಗುವುದಿಲ್ಲ. ಆದರೆ ಕಳಲೆಯ ವೆಲ್ಡರ್ ಒಬ್ಬ ಕತಾರಿನಲ್ಲಿದ್ದಾನೆ, ಮುಡುಕುತೊರೆಯ ಕಡೆಯ ಅಡುಗೆಯವನೊಬ್ಬ ಹಡಗಿನಲ್ಲಿದ್ದಾನೆ, ತಮ್ಮ ಬೀದಿಯ ನರ್ಸೊಬ್ಬಳು ಐರ್ಲೆಂಡಿನಲ್ಲಿದ್ದಾಳೆ. ಅವರ ಮನೆಗಳಲ್ಲಿ ಆ ದೇಶವೆಂದರೆ ಸಂಜೆಯ ಒಂದು ಫೋನ್ ಕರೆ, ಅದರಾಚೆ ಕತ್ತಲೆ. ಆ ಕತ್ತಲೆಯಲ್ಲಿ ಯಾರು ಏನು ತಂದು ನಿಲ್ಲಿಸಿದರೂ ನಂಬಬೇಕು. ನಾಳೆ ಐಸ್ಲೆಂಡಿನಲ್ಲಿ ಬೆಟ್ಟ ಬೆಂಕಿ ಉಗುಳಿದರೆ ಆ ನರ್ಸಿನ ತಾಯಿಯ ಮನೆಯ ಮುಂದೆ ಹನ್ನೆರಡು ಜೊತೆ ಚಪ್ಪಲಿ ಬೀಳುತ್ತವೆ. ಗೊತ್ತಿಲ್ಲದಿರುವುದರಿಂದ ಆಗುವ ಹಾನಿ ಇದು, ಗೊತ್ತಿಲ್ಲದವರಿಗೆ ಆಗುವುದಿಲ್ಲ, ಅವರು ಪ್ರೀತಿಸುವವರಿಗೆ ಆಗುತ್ತದೆ.

ಆದ್ದರಿಂದ ನನ್ನ ಕೆಲವು ವಿನಂತಿಗಳನ್ನು ಮನ್ನಿಸಬೇಕು. ಇನ್ನು ಮುಂದೆ ನನ್ನನ್ನು ಕೊಲ್ಲುವುದಾದರೆ ಮುಂಚಿತವಾಗಿ ಅಕ್ಷಾಂಶ ರೇಖಾಂಶಗಳನ್ನು ತಿಳಿಸಬೇಕು, ನಾನು ಆ ಹೊತ್ತಿಗೆ ಅಲ್ಲಿ ಹೋಗಿ ನಿಂತು ಸಹಕರಿಸುತ್ತೇನೆ. ಅರ್ಪಿತಳನ್ನು ಬಳಗಕ್ಕೆ ಮರಳಿ ಸೇರಿಸಿ, ಅವಳು ಹೇಳುವವರೆಗೆ ಯಾರೂ ಕೈಮುಗಿಯಬಾರದೆಂಬ ನಿಯಮ ಮಾಡಬೇಕು. ಸಾಧ್ಯವಾದರೆ ಮಾಲಿ ದೇಶದವರಿಗೂ ಒಂದು ಕ್ಷಮಾಪಣೆ ಬರೆಯಬೇಕು. ಅಲ್ಲಿಯ ತಾಯಂದಿರೂ ಮಕ್ಕಳನ್ನು ಶಾಲೆಗೆ ಕಳಿಸಿ ಸಂಜೆ ಬಾಗಿಲಲ್ಲಿ ಕಾಯುತ್ತಾರೆ, ಅವರ ಊರೆಂದರೆ ಬರೀ ಸುಟ್ಟ ಲಾರಿಯಲ್ಲ.

ಕೊನೆಯದಾಗಿ, ನನ್ನ ಶ್ರದ್ಧಾಂಜಲಿ ಇಳಿಸಿದ ಜಾಗದಲ್ಲಿ ಪ್ರಪಂಚದ ನಕ್ಷೆಯೊಂದನ್ನು ಕಟ್ಟಿಸಬೇಕೆಂದು ಕೇಳಿಕೊಂಡಿದ್ದೆ. ತಾವು ಮರುಮಾತಿಲ್ಲದೆ ಒಪ್ಪಿ, ನಿನ್ನೆಯೇ ಕಟ್ಟಿಸಿಬಿಟ್ಟಿರಿ. ನೋಡಿ ಬಂದೆ. ಬಣ್ಣಗಳು ಎಷ್ಟು ಚೆಂದ! ಖಂಡಗಳೆಲ್ಲ ಅವುಗಳ ಜಾಗದಲ್ಲೇ ಇವೆ. ಶುಭ ಕೋರುವವರ ಭಾವಚಿತ್ರಗಳನ್ನು ಎಲ್ಲಿ ಹಾಕುವುದೆಂಬ ಸಮಸ್ಯೆಯನ್ನೂ ತಾವು ಜಾಣ್ಮೆಯಿಂದ ಬಿಡಿಸಿದ್ದೀರಿ. “ನೆಲದ ಮೇಲೆ ಯಾರ್ನೂ ಆಕಿಲ್ಲ ಮಿಸ್, ದೇಶಗೊಳು ಮುಚ್ಚೋಗ್ತವೆ ಅಂತ. ನೀರಲ್ಲಿ ಜಾಗ ಖಾಲಿ ಇತ್ತು,” ಎಂದಿರಿ. ಹ್ಯಾಟ್ ಧರಿಸಿದ ಇಬ್ಬರು ಗಣ್ಯರು ಶಾಂತ ಸಾಗರದಲ್ಲಿ ನಗುತ್ತಿದ್ದಾರೆ, ತಾವು ಅಟ್ಲಾಂಟಿಕ್ಕಿನಲ್ಲಿ ಕೈಮುಗಿದಿದ್ದೀರಿ, ಮತ್ತು ಹಿಂದೂ ಮಹಾಸಾಗರದ ಉತ್ತರ ಭಾಗವನ್ನೆಲ್ಲ ಚನ್ನಯ್ಯನವರು ತುಂಬಿಕೊಂಡಿದ್ದಾರೆ. ದಿವ್ಯ ಸ್ಕೇಲ್ ಹಿಡಿದು ಅಳೆದು ನೋಡಿದಳು. ಮಾಲ್ಡೀವ್ಸ್ ಸರಿಯಾಗಿ ಅವರ ಎಡಗಿವಿಯ ಕೆಳಗೆ ಬರುತ್ತದೆ. ಅವಳು ನಕ್ಕಳು. ನಾನು ಬಂದ ಮೇಲೆ ಅವಳು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು, ಅದಕ್ಕಾಗಿ ತಮಗೂ ಚನ್ನಯ್ಯನವರಿಗೂ ನಾನು ಋಣಿ. ಇಳಿಸಬೇಡಿ, ಹಾಗೇ ಇರಲಿ.

ನಾಳೆ ಬೆಳಿಗ್ಗೆ ನಾನು ಅದೇ ಕಿವಿಯ ಕೆಳಗೆ ಕೆಲಸಕ್ಕೆ ಮರಳುತ್ತಿದ್ದೇನೆ. ದಿವ್ಯ ತಡೆಯಲಿಲ್ಲ. ದಿನಕ್ಕೆ ಮೂರು ಸಲ ಸಮುದ್ರ ತೋರಿಸಬೇಕೆಂಬ ಷರತ್ತು ಹಾಕಿದ್ದಾಳೆ, ಒಪ್ಪಿದ್ದೇನೆ.

ಇಂತಿ, ಒಂದು ಸಲ ಸತ್ತು ಅಭ್ಯಾಸವಿರುವ, ಆದರೆ ಮತ್ತೊಮ್ಮೆ ಆ ಅವಕಾಶ ಬಯಸದ,

ತಮ್ಮ ವಿಶ್ವಾಸಿ,
ಸಂಘಮಿತ್ರಾ
ನಂಜನಗೂಡು

ಮರೆತ ಮಾತು: ಇದನ್ನು ಮಡಿಸುವ ಹೊತ್ತಿಗೆ ತಮ್ಮ ಧ್ವನಿ ಸಂದೇಶ ಬಂತು. ತಮ್ಮ ಬಾಮೈದ ಕುಮಾರನಿಗೆ ಮಾಲ್ಡೀವ್ಸಿನ ಹೋಟೆಲಿನಲ್ಲಿ ಕೆಲಸ ಸಿಗಬಹುದೇ, ಗುಂಡ್ಲುಪೇಟೆ ಮೇಲೆ ಕೇರಳ ದಾಟಿದರೆ ಅಲ್ಲಿಂದ ಡೈರೆಕ್ಟ್ ಬಸ್ ಇದೆಯೇ ಎಂದು ವಿಚಾರಿಸಿದ್ದೀರಿ. ಕೆಲಸ ಖಂಡಿತ ಹುಡುಕುತ್ತೇನೆ. ಬಸ್ಸು ಕೇರಳದ ಕಡಲತೀರದವರೆಗೆ ಇದೆ, ಆಮೇಲೆ ನೀರು. ದಯವಿಟ್ಟು ಈ ವಿಷಯವನ್ನು ಬಳಗದಲ್ಲಿ ಕೇಳಬೇಡಿ. ಮೊಣಕಾಲುದ್ದ ಅಷ್ಟೇ ಎಂದು ಯಾರಾದರೂ ಹೇಳುತ್ತಾರೆ, ನೂರ ಎಂಬತ್ತು ಮಂದಿ ಹೆಬ್ಬೆರಳೆತ್ತುತ್ತಾರೆ, ಕುಮಾರ ಪ್ಯಾಂಟು ಮಡಿಸಿಕೊಂಡು ಇಳಿದುಬಿಡುತ್ತಾನೆ.